ಸಾಲಿನಲ್ಲಿ ಅಂದ ಮಾತು

ಚಿಕ್ಕಮಾದಮ್ಮ ಹಾಲಿಗೆ ನೀರು ಹಾಕುತ್ತಾಳೆ ಎಂದು ಮೊದಲು ಬಾಯಿಬಿಟ್ಟು ಅಂದವಳು ನಾನೇ. ಬೇರೆಯವರು ಆಮೇಲೆ ಏನೇನೋ ಅಂದರು, ನನಗಿಂತ ಕೆಟ್ಟದಾಗಿ ಅಂದರು. ಆದರೆ ಮೊದಲು ಅಂದವಳು ನಾನು. ಅದೂ ಡೈರಿಯ ಸಾಲಿನಲ್ಲಿ, ಇಪ್ಪತ್ತು ಮೂವತ್ತು ಜನ ಕ್ಯಾನು ಹಿಡಿದು ನಿಂತಿದ್ದಾಗ, ನಗುನಗುತ್ತಾ.

ನಮ್ಮೂರು ಹನಕೆರೆ ಸ್ಟೇಷನ್ನಿನಿಂದ ಮೂರು ಕಿಲೋಮೀಟರು ಒಳಕ್ಕೆ. ಊರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ನನ್ನದು, ಆರು ವರ್ಷದಿಂದ. ಬೆಳಿಗ್ಗೆ ಆರರಿಂದ ಏಳೂವರೆ, ಸಂಜೆ ಐದೂವರೆಯಿಂದ ಏಳು. ಅದರ ನಡುವೆ ನನ್ನ ಮನೆ, ನನ್ನ ಹಸು, ಗದ್ದೆಯ ಕಳೆ, ಎಂಟನೇ ಕ್ಲಾಸಿನ ಮಗಳು ಬಿಂದುಶ್ರೀ, ಮದ್ದೂರಿನಲ್ಲಿ ಗೂಡ್ಸ್ ಆಟೋ ಓಡಿಸಿ ಬೆನ್ನು ಹಿಡಿಸಿಕೊಂಡು ಬರುವ ಗಂಡ. ದಿನಕ್ಕೆ ಎರಡು ಸಲ ಊರೆಲ್ಲ ನನ್ನ ಮುಂದೆ ಸಾಲು ನಿಲ್ಲುತ್ತದೆ. ನಾನು ನೋಡಿ ಸರಿ ಅಂದರೆ ಸರಿ. ಇದು ತಲೆಗೆ ಏರುತ್ತದೆ. ಏರಿರಲಿಲ್ಲ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ.

ಈ ಆಷಾಢದಲ್ಲಿ ಒಂದು ದಿನ ಕರೆಂಟು ಒಮ್ಮೆಲೆ ಜೋರಾಗಿ ಬಂದು ಹಾಲು ನೋಡುವ ಮಿಷನ್ನು ಸುಟ್ಟುಹೋಯಿತು. ಸೆಕ್ರೆಟರಿ ಅಪ್ಪಾಜಿ ಅದನ್ನು ರಿಪೇರಿಗೆ ಮಂಡ್ಯಕ್ಕೆ ಕಳಿಸಿ, ಬೀರುವಿನಿಂದ ಹಳೆಯ ಲ್ಯಾಕ್ಟೋಮೀಟರನ್ನು ತೆಗೆದುಕೊಟ್ಟರು. ಗಾಜಿನದು, ಒಂದು ಗೇಣು ಉದ್ದ. ಹಾಲಿನಲ್ಲಿ ತೇಲಿಬಿಟ್ಟರೆ ಹಾಲು ಗಟ್ಟಿಯಿದ್ದಷ್ಟೂ ಮೇಲೆ ನಿಲ್ಲುತ್ತದೆ, ತೆಳ್ಳಗಿದ್ದರೆ ಇಳಿಯುತ್ತದೆ. ಅದರ ಮೇಲಿನ ಗೆರೆಗೆ ನಾವು ಡಿಗ್ರಿ ಅನ್ನುತ್ತೇವೆ. ಇಪ್ಪತ್ತೆಂಟು ಬಂದರೆ ಒಳ್ಳೆಯ ಹಾಲು. ಇಪ್ಪತ್ತಾರಕ್ಕಿಂತ ಇಳಿದರೆ ವಾಪಸ್ಸು. ಅದೇ ಪೆಟ್ಟಿಗೆಯಲ್ಲಿ ಹಾಲಿನ ಬಿಸಿ ನೋಡುವ ಥರ್ಮಾಮೀಟರೂ ಇರಬೇಕಿತ್ತು. ಅದು ಯಾವತ್ತೋ ಒಡೆದಿತ್ತು. ಅಪ್ಪಾಜಿ ತರಿಸಲಿಲ್ಲ, ನಾನೂ ಕೇಳಲಿಲ್ಲ.

ಮೊದಲ ಸಂಜೆಯೇ ಚಿಕ್ಕಮಾದಮ್ಮನ ಹಾಲು ಇಪ್ಪತ್ತೈದು ಬಂತು. ಮಾರನೆಯ ಬೆಳಿಗ್ಗೆಯೂ ಇಪ್ಪತ್ತೈದು. ಬೇರೆ ಯಾರದೂ ಇಪ್ಪತ್ತೇಳಕ್ಕಿಂತ ಕೆಳಗೆ ಇಳಿದಿರಲಿಲ್ಲ. ನಾನು ಗಾಜನ್ನು ಎತ್ತಿ ಒರೆಸುತ್ತಾ, "ಏನ್ ದೊಡ್ಡವ್ವ, ಇವತ್ತು ನಿಮ್ಮನೆ ನಲ್ಲೀಲಿ ನೀರು ಜೋರಾಗಿ ಬಂತಾ?" ಅಂದೆ.

ಸಾಲು ಗೊಳ್ಳೆಂದು ನಕ್ಕಿತು. ಅದಕ್ಕೇ ನಾನು ಅಂದದ್ದು. ಬೆಳಿಗ್ಗೆ ನಾಲ್ಕೂವರೆಗೆ ಎದ್ದವಳಿಗೆ, ಸುಮ್ಮನೆ ನಿಂತ ಮೂವತ್ತು ಜನರನ್ನು ನಗಿಸುವುದು ಒಂದು ಸುಖ.

ಚಿಕ್ಕಮಾದಮ್ಮ ನಗಲಿಲ್ಲ. ಐವತ್ತೈದರ ಮೇಲಿನ ಹೆಂಗಸು, ಗಂಡ ಹೋಗಿ ಹತ್ತು ವರ್ಷವಾಗಿದೆ, ಒಂದೇ ಹಸುವಿನ ಮೇಲೆ ಬದುಕು. ಡೈರಿಯ ಗೋಡೆಗೆ ಅಂಟಿಕೊಂಡಂತಿರುವುದೇ ಅವಳ ಮನೆ. "ನಾನು ನೀರು ಆಕಿಲ್ಲ ಕಣವ್ವ" ಎಂದಷ್ಟೇ ಹೇಳಿ ಕ್ಯಾನು ಎತ್ತಿಕೊಂಡು ಹೋದಳು.

ಆ ಕ್ಷಣದಲ್ಲಿ ಒಂದು ಲೆಕ್ಕ ನನ್ನ ತಲೆಗೆ ಹೊಳೆಯಬೇಕಿತ್ತು. ಮಿಷನ್ನು ಇದ್ದ ಆರು ವರ್ಷದಲ್ಲಿ ಒಂದು ದಿನವೂ ಅವಳ ಹಾಲು ಕಡಿಮೆ ಬಂದಿರಲಿಲ್ಲ. ಹೊಳೆಯಿತು ಕೂಡ. ಆದರೆ ಅದನ್ನೂ ನಾವು ಅವಳ ಮೇಲೆಯೇ ಹೊರಿಸಿದೆವು. ಮಿಷನ್ನು ಇರುವವರೆಗೂ ಹೆದರಿಕೊಂಡಿದ್ದಳು, ಕೆಟ್ಟ ದಿನವೇ ಶುರು ಮಾಡಿದಳು ನೋಡು ಎಂದೆವು. ಒಬ್ಬರನ್ನು ಕಳ್ಳರು ಎಂದುಕೊಂಡ ಮೇಲೆ ಅವರ ಒಳ್ಳೆಯತನವೂ ಕಳ್ಳತನದ ತಯಾರಿಯಂತೆ ಕಾಣುತ್ತದೆ.

ಆಮೇಲೆ ಮಾತು ನನ್ನ ಕೈಯಲ್ಲಿ ಉಳಿಯಲಿಲ್ಲ. ಸಾಲಿನಲ್ಲಿ ಯಾವಾಗಲೂ ಮೊದಲ ಐದರಲ್ಲಿ ನಿಲ್ಲುವ ಸಣ್ಣತಾಯಮ್ಮ ಅದನ್ನು ಎತ್ತಿಕೊಂಡಳು. ಅವಳ ಬಾಯಿಗೆ ಸಿಕ್ಕಿದ ಮಾತು ಬರೀ ಹಾಲಿನಲ್ಲಿ ನಿಲ್ಲುವುದಿಲ್ಲ. ಚಿಕ್ಕಮಾದಮ್ಮ ಅತ್ತೆಗೆ ಕಡೆಗಾಲದಲ್ಲಿ ಸರಿಯಾಗಿ ಹಿಟ್ಟು ಹಾಕಲಿಲ್ಲವಂತೆ. ಗಂಡ ಆಸ್ಪತ್ರೆಯಲ್ಲಿದ್ದಾಗ ಮೂರು ದಿನ ಊರಿಗೆ ಬಂದು ಕೂತಿದ್ದಳಂತೆ. ಮೈದುನನ ಬದುವನ್ನು ಒಂದು ಗೇಣು ಒತ್ತಿಕೊಂಡಿದ್ದಳಂತೆ. ಎರಡು ಮೂರು ಡಿಗ್ರಿ ಹಾಲು ಇಳಿದದ್ದಕ್ಕೆ ಒಬ್ಬ ಹೆಂಗಸಿನ ಮೂವತ್ತು ವರ್ಷದ ಬಾಳನ್ನು ಹಿಂದಕ್ಕೆ ಹಿಂದಕ್ಕೆ ಕೆದಕುತ್ತಾ ಹೋದರು. ಗಂಡ ಆಸ್ಪತ್ರೆಯಲ್ಲಿದ್ದಾಗ ಅವಳು ಊರಿಗೆ ಬಂದದ್ದು ಕರು ಹಾಕುವ ಹಸುವನ್ನು ನೋಡುವವರಿಲ್ಲದೆ ಎಂಬುದು ಸಾಲಿನಲ್ಲಿದ್ದ ಅರ್ಧ ಜನಕ್ಕೆ ಗೊತ್ತಿತ್ತು. ನನಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ನಾನು ಡಿಗ್ರಿ ಓದುತ್ತಾ, ಅಪ್ಪಾಜಿ ಬರೆದುಕೊಳ್ಳುತ್ತಾ, ಹಾಗೇ ಕೇಳಿಸಿಕೊಂಡೆವು.

ನಾಲ್ಕನೆಯ ದಿನ ಹಾಲು ವಾಪಸ್ಸು ಎಂದಾಗ ಅವಳು ಕ್ಯಾನನ್ನು ಡೈರಿಯ ಮೆಟ್ಟಿಲ ಮೇಲೆಯೇ ಬೋರಲು ಹಾಕಿದಳು. ನಾಲ್ಕು ಲೀಟರು ಹಾಲು ನಮ್ಮ ಚಪ್ಪಲಿಯ ಮಧ್ಯೆ ಹರಿದು ಚರಂಡಿಗೆ ಹೋಯಿತು. ಅದಕ್ಕೂ ಮಾತು ಸಿದ್ಧವಿತ್ತು. ಅವತ್ತು ಸುಮ್ಮನೆ ಹೋಗಿದ್ದಕ್ಕೆ ತಪ್ಪು ಮಾಡಿದವಳು ಸುಮ್ಮನಿದ್ದಾಳೆ ಎಂದಿದ್ದರು. ಇವತ್ತು ಚೆಲ್ಲಿದ್ದಕ್ಕೆ ಕೊಬ್ಬು ಎಂದರು. ಅವಳು ಏನು ಮಾಡಿದ್ದರೆ ಸರಿಯಾಗುತ್ತಿತ್ತು ಎಂದು ಯಾರಾದರೂ ಯೋಚಿಸಿದ್ದರೆ ಉತ್ತರ ಇರುತ್ತಿರಲಿಲ್ಲ. ಯೋಚಿಸುವುದು ನಮ್ಮ ಕೆಲಸವಾಗಿರಲಿಲ್ಲ.

ಆದರೂ ಅವಳು ಬರುವುದನ್ನು ಬಿಡಲಿಲ್ಲ. ದಿನಾ ಎರಡು ಹೊತ್ತು ತರುತ್ತಿದ್ದಳು, ನಾನು ಗಾಜು ಇಳಿಬಿಡುತ್ತಿದ್ದೆ, ಇಪ್ಪತ್ತೈದು, ವಾಪಸ್ಸು. ಹಾಲು ಮಾರುವ ಬೇರೆ ದಾರಿ ಅವಳಿಗೆ ಇರಲಿಲ್ಲ. ಊರಿನ ಮನೆಗಳವರು ನೀರು ಹಾಲು ನಮಗೆ ಬೇಡ ಎಂದರು.

ಎರಡು ವಾರ ಕಳೆದ ಮೇಲೆ ಒಂದು ಸಂಜೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಡೈರಿಗೆ ಹೊರಡುತ್ತಾ ಬಿಂದುಶ್ರೀಗೆ, ಬರುವ ತನಕ ಚಿಕ್ಕಮಾದವ್ವನ ಜಗುಲಿಯಲ್ಲಿ ಕೂತು ಓದಿಕೋ ಎಂದೆ. ಎರಡನೇ ಕ್ಲಾಸಿನಿಂದ ಅವಳು ಬೆಳೆದದ್ದೇ ಆ ಜಗುಲಿಯ ಮೇಲೆ. ನಾನು ಹಾಲು ನೋಡುವಷ್ಟು ಹೊತ್ತು ಆ ಹೆಂಗಸು ನನ್ನ ಮಗಳಿಗೆ ಮಜ್ಜಿಗೆ ಕೊಟ್ಟು, ಜಡೆ ಹೆಣೆದು, ನಿದ್ದೆ ಬಂದರೆ ಚಾಪೆ ಹಾಸಿ ಮಲಗಿಸುತ್ತಿದ್ದಳು.

"ನೀರ್ಮಾದಮ್ಮನ ಮನೆಗಾ? ನಾನು ಓಗಲ್ಲ" ಅಂದಳು ಮಗಳು.

ಯಾರೇ ನಿನಗೆ ಆ ಹೆಸರು ಕಲಿಸಿದ್ದು ಎಂದು ಕೈ ಎತ್ತಿದೆ.

"ಸ್ಕೂಲಲ್ಲಿ ಎಲ್ರೂ ಅಂಗೇ ಅನ್ನದು. ನೀನೂ ಅಪ್ಪಂಗೆ ಮುದ್ದೆ ಇಕ್ತಾ ಯೋಳ್ತಿದ್ಯಲ್ಲ, ಅವಳು ಮೊದ್ಲಿಂದನೂ ಅಂಗೇ ಅಂತ."

ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯಲಿಲ್ಲ. ನಾನು ಅಂದಿದ್ದೆ. ದಣಿದು ಬಂದ ಗಂಡನಿಗೆ ಊಟಕ್ಕೆ ಕೊಡುತ್ತಾ, ಅವನನ್ನೂ ನಗಿಸಲೆಂದು ಅಂದಿದ್ದೆ. ಹೋಮ್‌ವರ್ಕ್ ಮಾಡಿಲ್ಲವೆಂದು ಅವಳನ್ನೇ ಬೈದು ಬಾಗಿಲು ಎಳೆದುಕೊಂಡು ಹೊರಟೆ.

ಅದೇ ವಾರ ಅಪ್ಪಾಜಿ ನನ್ನನ್ನು ಕರೆದು, ಶುಕ್ರವಾರದ ಕಮಿಟಿಯಲ್ಲಿ ಚಿಕ್ಕಮಾದಮ್ಮನ ಹೆಸರು ತೆಗೆದುಹಾಕುತ್ತೇವೆ, ಡಿಗ್ರಿಯ ಪಟ್ಟಿ ಬರೆದು ಸಹಿ ಹಾಕಿಕೊಡು ಎಂದರು. ಹೆಸರು ಹೋದರೆ ಇನ್ನು ಈ ಡೈರಿಗೆ ಅವಳು ಹಾಲು ಹಾಕುವ ಹಾಗಿಲ್ಲ. ಹಸು ಇಟ್ಟುಕೊಂಡೂ ಪ್ರಯೋಜನವಿಲ್ಲ. ನಾನು ಪಟ್ಟಿ ಬರೆದೆ. ಇಪ್ಪತ್ತೈದು, ಇಪ್ಪತ್ತೈದು, ಇಪ್ಪತ್ತನಾಲ್ಕೂವರೆ. ಅಕ್ಷರ ದುಂಡಗಿರಲಿ ಎಂದು ಸ್ಕೇಲು ಇಟ್ಟು ಗೆರೆ ಬೇರೆ ಹಾಕಿದೆ.

ಗುರುವಾರ ಬೆಳಿಗ್ಗೆ ಯತೀಶ್ ಎಂಬ ಹುಡುಗ ಮಂಡ್ಯದಿಂದ ಬೈಕಿನಲ್ಲಿ ಮಿಷನ್ನು ತಂದ. ಅವನು ವೈರು ಜೋಡಿಸುತ್ತಾ ಕೂತಿದ್ದ. ಸಾಲು ಕರಗಿತ್ತು. ಕೊನೆಯವಳಾಗಿ ಚಿಕ್ಕಮಾದಮ್ಮ ಬಂದಳು. ಅವಳು ಯಾವಾಗಲೂ ಕೊನೆಗೇ ಬರುವುದು. ಮನೆ ಪಕ್ಕದಲ್ಲೇ ಇರುವುದರಿಂದ, ಸಾಲು ಮುಗಿಯುವುದು ಕಂಡ ಮೇಲೆ ಹಾಲು ಕರೆದು, ನೊರೆ ಆರುವ ಮೊದಲೇ ತಂದುಬಿಡುತ್ತಿದ್ದಳು. ನಾನು ಗಾಜು ಇಳಿಬಿಟ್ಟು, ನೋಡದೆಯೇ ಇಪ್ಪತ್ತೈದು ಎಂದೆ.

ಯತೀಶ್ ಆಚೆ ಸರಿಸಲೆಂದು ಅವಳ ಕ್ಯಾನಿನ ಮೇಲೆ ಕೈ ಇಟ್ಟವನು ಹಾಗೇ ನಿಂತ. "ಅಕ್ಕ, ಇದು ಇನ್ನೂ ಬಿಸಿ ಐತಲ್ಲ. ಈಗ್ತಾನೆ ಕರೆದಿರೋ ಹಾಲನ್ನ ಲ್ಯಾಕ್ಟೋಮೀಟ್ರಲ್ಲಿ ನೋಡ್ತಾರಾ? ಎರಡು ಮೂರು ಡಿಗ್ರಿ ಕಮ್ಮಿನೇ ತೋರ್ಸದು. ಥರ್ಮಾಮೀಟ್ರು ಎಲ್ಲಿ?"

ಯಾರಿಗೂ ಕೇಳಿಸಲೆಂದು ಅವನು ಹೇಳಿದ್ದಲ್ಲ. ವೈರು ಹಲ್ಲಲ್ಲಿ ಕಚ್ಚಿಕೊಂಡು, ಕೆಲಸದ ಮಾತು ಹೇಳಿದ ಹಾಗೆ ಹೇಳಿದ. ಆರು ವರ್ಷದ ಹಿಂದೆ ಮಂಡ್ಯದಲ್ಲಿ ಮೂರು ದಿನದ ಟ್ರೈನಿಂಗಿನಲ್ಲಿ ಇದನ್ನೇ ಹೇಳಿಕೊಟ್ಟಿದ್ದರು. ನೊರೆ ಆರಬೇಕು, ಹಾಲು ತಣಿಯಬೇಕು, ಬಿಸಿ ನೋಡಿ ಡಿಗ್ರಿ ಸರಿಮಾಡಿಕೊಳ್ಳಬೇಕು. ನಾನು ನೋಟುಬುಕ್ಕಿನಲ್ಲಿ ಬರೆದುಕೊಂಡೂ ಇದ್ದೆ. ಉಳಿದವರೆಲ್ಲ ನಾಲೆಯಾಚೆಯಿಂದ, ತೋಟದ ಮನೆಗಳಿಂದ ಸೈಕಲ್ಲಿನಲ್ಲಿ, ಸ್ಕೂಟರಿನಲ್ಲಿ ಬರುವವರು. ಬಂದು ಸಾಲಿನಲ್ಲಿ ಕಾಯುವವರು. ಅಷ್ಟರಲ್ಲಿ ಅವರ ಹಾಲು ತಣ್ಣಗಾಗಿರುತ್ತಿತ್ತು. ಊರಿನಲ್ಲಿ ಎಲ್ಲರಿಗಿಂತ ತಾಜಾ ಹಾಲು ತರುತ್ತಿದ್ದವಳನ್ನು ಹಿಡಿದು ನಾವು ನೀರು ಹಾಕುವವಳು ಎಂದಿದ್ದೆವು.

ಆ ಹಾಲನ್ನು ಪಾತ್ರೆಗೆ ಸುರಿದು ಪಕ್ಕಕ್ಕೆ ಇಟ್ಟೆ. ಚಿಕ್ಕಮಾದಮ್ಮ ಇಪ್ಪತ್ತೈದು ಎಂದದ್ದು ಕೇಳಿದೊಡನೆ ಕ್ಯಾನನ್ನು ಅಲ್ಲೇ ಬಿಟ್ಟು ಹೊರಟುಹೋಗಿದ್ದಳು. ಒಂದು ಗಂಟೆ ಬಿಟ್ಟು ನೋಡಿದೆ. ಇಪ್ಪತ್ತೆಂಟು. ಯತೀಶ್ ಜೋಡಿಸಿದ ಮಿಷನ್ನಿನಲ್ಲಿ ನೋಡಿದರೂ ಹಾಲು ಚೊಕ್ಕವಾಗಿತ್ತು.

ಅಪ್ಪಾಜಿ ಎರಡನ್ನೂ ನೋಡಿ, ಪಟ್ಟಿಯನ್ನು ಮಡಚಿ ಜೇಬಿಗೆ ಇಟ್ಟುಕೊಂಡರು. ಕಮಿಟಿಯ ವಿಷಯ ಬಿಟ್ಟುಬಿಡೋಣ, ಸಂಜೆಯಿಂದ ಅವಳ ಹಾಲು ತಗೋ, ಮುಗೀತು ಎಂದರು. ಊರಿಗೆ ಏನು ಹೇಳುವುದು ಎಂದೆ.

"ಏನೂ ಯೋಳಬ್ಯಾಡ ಕಣಮ್ಮ. ನಾವೇ ತಪ್ಪು ನೋಡಿದ್ವಿ ಅಂದ್ರೆ ನಾಳೆ ಒಬ್ಬೊಬ್ಬರೂ ಬಂದು ನಮ್ದೂ ತಪ್ಪು ನೋಡಿದೀಯ ಅಂತಾರೆ. ಡೈರಿ ಮಾನ ಓಯ್ತದೆ. ಜನ ನಾಕು ದಿನಕ್ಕೆ ಮರೀತಾರೆ ಬುಡು."

ಡೈರಿಯ ಮಾನ. ಹದಿನೇಳು ದಿನ ಒಬ್ಬ ಹೆಂಗಸಿನ ಮಾನ ಮೆಟ್ಟಿಲ ಮೇಲೆ ಚೆಲ್ಲಿ ಚರಂಡಿಗೆ ಹೋದಾಗ ಈ ಮನುಷ್ಯನಿಗೆ ಮಾನ ಎಂಬ ಮಾತು ನೆನಪಾಗಿರಲಿಲ್ಲ. ಮುಖದ ಮೇಲೆಯೇ ಹೇಳಬೇಕೆನಿಸಿತು. ಆದರೆ ಪಟ್ಟಿ ಬರೆದು ಸಹಿ ಹಾಕಿದ್ದು ಅವರಲ್ಲ.

ಅಲ್ಲಿಂದ ಎದ್ದು ಪಕ್ಕದ ಮನೆಗೆ ಹೋದೆ. ಚಿಕ್ಕಮಾದಮ್ಮ ಕೊಟ್ಟಿಗೆ ಗುಡಿಸುತ್ತಿದ್ದಳು. ನನ್ನನ್ನು ಕಂಡು ಪೊರಕೆ ನಿಲ್ಲಿಸಲಿಲ್ಲ.

"ಬಾರವ್ವ. ನೀರು ಕುಡೀತೀಯಾ? ನಮ್ಮನೇಲಿ ನೀರಿಗೇನೂ ಬರ ಇಲ್ಲ, ನೀನೇ ಸಾರಿದೀಯಲ್ಲ."

ಬಿಸಿ ಹಾಲಿನ ವಿಷಯ, ಒಡೆದ ಥರ್ಮಾಮೀಟರಿನ ವಿಷಯ, ಎಲ್ಲ ಹೇಳಿದೆ. ತಪ್ಪಾಯಿತು ದೊಡ್ಡವ್ವ ಎಂದೆ. ಅವಳು ಕಸವನ್ನೆಲ್ಲ ಒಂದು ಮೂಲೆಗೆ ಒಟ್ಟು ಮಾಡಿದಳು. ಪೂರಿಗಾಲಿಯ ಕೆಂಪಸಿದ್ದಯ್ಯ ಎಂಬುವವರು ಬಂದು ಹಸು ನೋಡಿಕೊಂಡು ಹೋಗಿದ್ದಾರೆ, ನಾಳೆ ಸಂಜೆ ಟೆಂಪೋ ತರುತ್ತಾರೆ ಎಂದು ಆಮೇಲೆ ಹೇಳಿದಳು. ಹಸುವಿನ ಕಡೆ ನೋಡದೆ ಹೇಳಿದಳು.

ಮಾರಬೇಡಿ, ಸಂಜೆಯಿಂದಲೇ ಹಾಲು ತಗೊಳ್ಳುತ್ತೇವೆ ಎಂದೆ.

"ತಗೋತೀಯ. ನಾನು ಆ ಸಾಲಲ್ಲಿ ಯಂಗ್ ನಿಂತ್ಕಳ್ಳಿ? ನೀನು ನನ್ನ ಅಂದಿದ್ದು ಎಲ್ಲಿ? ಸಾಲಲ್ಲಿ. ಈಗ ನನ್ನ ಕೊಟ್ಗೇಲಿ ಬಂದು ಪಿಸಪಿಸ ಅಂತಿದೀಯ. ಇಲ್ಲಿ ಯಾರಿಗೆ ಕೇಳ್ತದೆ? ಈ ಅಸಕ್ಕೆ ಮೊದ್ಲೇ ಗೊತ್ತು ನಾನು ನೀರು ಆಕಿಲ್ಲ ಅಂತ."

ಅಷ್ಟು ಹೇಳಿ ಸಗಣಿಯ ಬುಟ್ಟಿ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಅವತ್ತು ಸಂಜೆ ಅವಳು ಹಾಲು ತರಲಿಲ್ಲ.

ಶುಕ್ರವಾರ ಬೆಳಿಗ್ಗೆ ಸಾಲು ಪೂರ್ತಿ ಆಗುವ ತನಕ ನಾನು ಮಿಷನ್ನು ಹಾಕಲಿಲ್ಲ. ಯಾಕಮ್ಮ, ಹಾಲಿನ ಗಾಡಿ ಬರುವ ಹೊತ್ತಾಯಿತು ಎಂದು ಅಪ್ಪಾಜಿ ಗಡಿಯಾರ ನೋಡಿದರು. ನಾನು ಎದ್ದು ಬಾಗಿಲಿಗೆ ಬಂದು ನಿಂತೆ. ನಗಿಸಲು ಬಾಯಿ ತೆರೆದಾಗ ಎಷ್ಟು ಸಲೀಸಾಗಿತ್ತೋ ಇವತ್ತು ಅಷ್ಟೇ ಕಷ್ಟವಾಯಿತು.

"ಚಿಕ್ಕಮಾದವ್ವ ಹಾಲಿಗೆ ನೀರು ಹಾಕಿಲ್ಲ. ಬಿಸಿ ಹಾಲನ್ನ ಗಾಜಲ್ಲಿ ನೋಡಿ ತಪ್ಪು ಡಿಗ್ರಿ ಓದಿದ್ದು ನಾನು. ಹದಿನೇಳು ದಿನ ತಪ್ಪು ಓದಿದೀನಿ. ಅವರನ್ನ ಆಡಿಕೊಂಡಿದ್ದೂ ನಾನೇ ಮೊದಲು. ತಪ್ಪು ನನ್ನದು."

ಯಾರಾದರೂ ಒಬ್ಬರು, ಅಯ್ಯೋ ಪಾಪ, ನಾವೂ ಅಂದೆವಲ್ಲ ಎನ್ನುತ್ತಾರೆಂದು ಕಾದೆ. ಮೂವತ್ತು ಜನರಲ್ಲಿ ಒಬ್ಬರೂ ಅನ್ನಲಿಲ್ಲ. ಅವರು ಹುಡುಕುತ್ತಿದ್ದದ್ದು ಬೇರೆ. ಸಣ್ಣತಾಯಮ್ಮನಿಗೆ ಮೊದಲು ಸಿಕ್ಕಿತು.

"ಓ, ಅಂಗಾ. ನಿನ್ನೆ ಅವಳ ಕೊಟ್ಗೆಗೆ ಓಗಿ ಬಂದೆಯಂತಲ್ಲ. ಏನ್ ಕೊಟ್ಲು?"

ಹಿಂದಿನಿಂದ ಯಾರೋ, ಹಾಗಾದರೆ ನಮ್ಮ ಹಾಲನ್ನೂ ಇವಳು ತಪ್ಪೇ ನೋಡಿದ್ದಾಳೆ ಎಂದರು. ಇನ್ನೊಬ್ಬರು, ಆರು ವರ್ಷದಿಂದ ಎಷ್ಟು ಜನಕ್ಕೆ ಹೀಗೆ ಮಾಡಿದಳೋ ಎಂದರು. ಗಂಡನ ಆಟೋದ ಹೊಸ ಟೈರಿನ ತನಕ ಮಾತು ಹೋಯಿತು. ಐದು ನಿಮಿಷ ಕೂಡ ಹಿಡಿಯಲಿಲ್ಲ. ಚಿಕ್ಕಮಾದಮ್ಮನನ್ನು ಇಳಿಸಿ ಅದೇ ಜಾಗದಲ್ಲಿ ನನ್ನನ್ನು ಕೂರಿಸಿದರು.

ಸಣ್ಣತಾಯಮ್ಮನ ಬಗ್ಗೆ ನನಗೆ ಗೊತ್ತಿಲ್ಲದ್ದಿಲ್ಲ. ಅವಳ ಮಗಳು ಮಳವಳ್ಳಿಯಿಂದ ಯಾಕೆ ತವರಿಗೆ ಬಂದು ಕೂತಿದ್ದಾಳೆ, ಅವಳ ಮಗ ಯಾವ ಕೆಲಸ ಯಾಕೆ ಬಿಟ್ಟ, ಎಲ್ಲ ನಾಲಿಗೆಯ ತುದಿಗೆ ಬಂದು ನಿಂತಿತು. ಒಂದೇ ಮಾತು ಸಾಕಿತ್ತು. ಸಾಲು ನಗುತ್ತಿತ್ತು, ಅವಳು ಕ್ಯಾನು ಎತ್ತಿಕೊಂಡು ತಲೆ ತಗ್ಗಿಸಿ ಹೋಗುತ್ತಿದ್ದಳು. ಆದರೆ ಆ ಮಗಳು ನನಗೇನು ಮಾಡಿದ್ದಳು? ಒಳಕ್ಕೆ ಹೋಗಿ ಕೂತು, ಮಿಷನ್ನು ಹಾಕಿ, ಸಣ್ಣತಾಯಮ್ಮನ ಹಾಲು ನೋಡಿ ಇಪ್ಪತ್ತೆಂಟೂವರೆ ಎಂದೆ. ಇಷ್ಟು ಕಷ್ಟಪಟ್ಟು ನಾನು ಯಾವತ್ತೂ ಒಂದು ಅಂಕಿ ಓದಿರಲಿಲ್ಲ.

ಪಕ್ಕದ ಮನೆಯ ಬಾಗಿಲಲ್ಲಿ ಚಿಕ್ಕಮಾದಮ್ಮ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬೆಳಿಗ್ಗೆಯೂ ಅವಳು ಹಾಲು ತರಲಿಲ್ಲ.

ಸಂಜೆ ಸಾಲು ನಿಂತಿದ್ದಾಗಲೇ ಪೂರಿಗಾಲಿಯ ಟೆಂಪೋ ಬಂತು. ಕೆಂಪಸಿದ್ದಯ್ಯ ಇಳಿದು ಹಗ್ಗ ತೆಗೆದುಕೊಂಡು ಅವಳ ಮನೆಗೆ ಹೋದರು. ಚಿಕ್ಕಮಾದಮ್ಮ ಹಸುವಿನ ಹಣೆಗೆ ಕುಂಕುಮ ಇಟ್ಟು ಹೊರಕ್ಕೆ ಹಿಡಿದುಕೊಂಡು ಬಂದಳು. ನಮ್ಮ ಕಡೆ ಹಸು ಕೊಳ್ಳುವವರು ಮಾರುವವರ ಮಾತನ್ನು ಪೂರ್ತಿ ನಂಬುವುದಿಲ್ಲ. ಟೆಂಪೋಗೆ ಹತ್ತಿಸುವ ಮೊದಲು ಆ ಊರಿನ ಡೈರಿಗೆ ಬಂದು ಒಂದು ಮಾತು ಕೇಳುತ್ತಾರೆ. ಸಾಲಿನಲ್ಲಿ ನಿಂತವರು ಹೇಳಿದ್ದೇ ಖಾತ್ರಿ.

ಕೆಂಪಸಿದ್ದಯ್ಯ ಟವೆಲ್ಲು ಹೆಗಲಿಗೆ ಹಾಕಿಕೊಂಡು ಸಾಲಿನ ಹತ್ತಿರ ಬಂದು, "ಈ ಅಸದ ಹಾಲು ಯಂಗವ್ವ?" ಅಂದರು.

ನಾನು ಏಳುವಷ್ಟರಲ್ಲಿ ಸಣ್ಣತಾಯಮ್ಮ ಸೆರಗು ಸರಿಮಾಡಿಕೊಂಡು, "ಒಳ್ಳೆ ಹಾಲು ಕಣಪ್ಪ. ಚಿನ್ನದಂತ ಅಸ. ನಮ್ಮ ಡೈರೀಲಿ ನೀರು ಗೀರು ಎಲ್ಲ ನಡಿಯಲ್ಲ" ಅಂದಳು. ಹೌದು ಹೌದು, ಒಳ್ಳೆಯ ಹಾಲು ಎಂದು ಇನ್ನೂ ನಾಲ್ಕು ಜನ ಸೇರಿಸಿದರು.

ಹೊರಗಿನವನ ಮುಂದೆ ಊರಿನ ಡೈರಿಯ ಹೆಸರು ಕೆಡಬಾರದಲ್ಲ. ಅಷ್ಟು ಸುಲಭವಾಗಿತ್ತು ಆ ಮಾತು. ಹದಿನೇಳು ದಿನದಲ್ಲಿ ಯಾವ ದಿನ ಬೇಕಾದರೂ ಹೇಳಬಹುದಿತ್ತು, ಹೇಳಲು ಏನೂ ಖರ್ಚಿರಲಿಲ್ಲ. ಹಾಗೆಂದು ನನಗೆ ಗೊತ್ತಾದಾಗ ನನ್ನ ಮೇಲೂ ಅವರ ಮೇಲೂ ಒಟ್ಟಿಗೇ ಉಗಿಯಬೇಕು ಅನ್ನಿಸಿತು.

ಚಿಕ್ಕಮಾದಮ್ಮ ಹಸುವನ್ನು ಹಿಡಿದುಕೊಂಡೇ ಸಾಲಿನ ತನಕ ಬಂದಳು.

"ತಾಯಮ್ಮ, ಇನ್ನೊಂದ್ಸಲ ಅನ್ನು."

"ಏನನ್ನ?"

"ಈಗ ಅಂದೆಯಲ್ಲ, ಅದನ್ನ. ಅವರಿಗಲ್ಲ. ಇವರಿಗೆ ಯೋಳು." ಅವಳು ಸಾಲಿನ ಕಡೆ ಕೈ ತೋರಿಸಿದಳು.

ಸಣ್ಣತಾಯಮ್ಮ ಅಪ್ಪಾಜಿಯನ್ನು ನೋಡಿದಳು, ನನ್ನನ್ನು ನೋಡಿದಳು. ಯಾರೂ ಅವಳ ಸಹಾಯಕ್ಕೆ ಬರಲಿಲ್ಲ. "ಒಳ್ಳೆ ಹಾಲು" ಎಂದು ತನ್ನ ಕ್ಯಾನಿನ ಮುಚ್ಚಳಕ್ಕೆ ಹೇಳಿದಳು.

"ಗಟ್ಟಿಯಾಗಿ. ನೀರು ಅಂತ ಅಂದಾಗ ಊರಾಚೆ ತಂಕ ಕೇಳ್ತಿತ್ತು."

"ಒಳ್ಳೆ ಹಾಲು ಕಣೆ ನಿಂದು. ಆಯ್ತಾ?"

ಚಿಕ್ಕಮಾದಮ್ಮ ತಲೆ ಆಡಿಸಿದಳು. ನಗಲಿಲ್ಲ, ಅಳಲೂ ಇಲ್ಲ. ಕೆಂಪಸಿದ್ದಯ್ಯನ ಕಡೆ ತಿರುಗಿ, ತಪ್ಪು ತಿಳಿಯಬೇಡಿ, ಹಸು ಕೊಡುವುದಿಲ್ಲ, ನಿಮ್ಮ ಟೆಂಪೋದ ಬಾಡಿಗೆ ನಾನು ಕೊಡುತ್ತೇನೆ ಎಂದಳು. ಅವರು ಸಿಟ್ಟಿನಿಂದ ಏನೋ ಗೊಣಗಿದರು, ಪೂರಿಗಾಲಿಯಿಂದ ಇಷ್ಟು ದೂರ ಬಂದಿದ್ದೇನೆ, ಇದೆಂಥ ಹೆಂಗಸು ಎಂದರು. ಅವಳು ಹಸುವನ್ನು ತಿರುಗಿಸಿಕೊಂಡು ಕೊಟ್ಟಿಗೆಗೆ ಹೊರಟಳು.

ಅವಳ ಬೆನ್ನು ಬಾಗಿಲು ದಾಟಿತ್ತಷ್ಟೇ, ಸಣ್ಣತಾಯಮ್ಮ ಪಕ್ಕದವಳ ಕಡೆ ವಾಲಿದಳು. ಕೊಟ್ಟ ಮಾತಿಗೆ ತಪ್ಪಿದಳು ನೋಡು, ಮೊದಲಿಂದಲೂ ಇವಳು... ಎಂದು ಶುರುವಾಯಿತು.

"ತಾಯಕ್ಕ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಬಾಯಿ ಮುಚ್ಚಿ ಕ್ಯಾನು ಮುಂದಕ್ಕೆ ಇಡು. ಇಲ್ಲಿ ಹಾಲು ನೋಡ್ತೀವಿ, ಮನುಷ್ಯರನ್ನಲ್ಲ."

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. ನಾನೂ ನೋಡಿದೆ. ಸಾಲು ಕಾಯುತ್ತಿತ್ತು. ಕೊನೆಗೆ ಅವಳು ಕ್ಯಾನು ಮುಂದಕ್ಕೆ ಇಟ್ಟಳು.